ಡಿಲೀಟ್ ಆಗದ ಫೋಲ್ಡರು ಮತ್ತು ಮಾಸ್ತರರ ಹಸಿರು ಅಕ್ಷರಗಳು

ಕಳೆದ ಮಳೆಗಾಲದ ಒಂದು ಭಾನುವಾರ ಮಧ್ಯಾಹ್ನ. ಮಾಜಿವಾಡಾ ನಾಕಾದ ಕಡೆಯಿಂದ ಎಂದಿನಂತೆ ಹಾರ್ನಿನ ಗದ್ದಲ. ಊಟ ಮುಗಿಸಿ ಸ್ವಲ್ಪ ಅಡ್ಡಾಗೋಣ ಅಂತಿದ್ದೆ, ಅಷ್ಟರಲ್ಲಿ ಮೂರನೇ ಮಾಳಿಗೆಯ ಅಕ್ಕನ ಫೋನು. "ಸ್ವಲ್ಪ ಬಂದು ಹೋಗ್ತೀಯಾ ಮಾರಾಯಾ? ಇವರ ಆ ಹಳೇ ಕಂಪ್ಯೂಟರು ಗುಜರಿಯವನಿಗೆ ಕೊಡ್ಲಿಕ್ಕೆ ಉಂಟು. ಒಳಗಿದ್ದದ್ದೆಲ್ಲ ಅಳಿಸ್ತೇನೆ ಅಂತ ಮೊಮ್ಮಗ ಕೂತಿದ್ದಾನೆ. ಅದು ಬಿಡ್ತಾ ಇಲ್ಲವಂತೆ!"

ಹೋದೆ. ಹುಡುಗ ತಲೆಮೇಲೆ ಕೈಹೊತ್ತು ಕೂತಿದ್ದ. ಪರದೆಯ ಮೇಲೆ ನಮಗೆಲ್ಲ ಪರಿಚಯದ ಆ ಪುಟ್ಟ ಪೆಟ್ಟಿಗೆ: ಆಕ್ಸೆಸ್ ಈಸ್ ಡಿನೈಡ್. ಸಿ ಡ್ರೈವಿನ ಒಂದು ಫೋಲ್ಡರನ್ನು ಅವನು ಎಷ್ಟು ಸಲ ಡಿಲೀಟ್ ಒತ್ತಿದರೂ ಅದು ಜಪ್ಪಯ್ಯ ಅನ್ನುತ್ತಿರಲಿಲ್ಲ. "ಅಂಕಲ್, ಪೂರ್ತಿ ಫಾರ್ಮ್ಯಾಟ್ ಹೊಡೆದುಬಿಡಲಾ? ಅದು ಯಾರ ಪರ್ಮಿಷನ್ನೂ ಕೇಳಲ್ಲ" ಅಂದ. ಅವನು ಹೇಳಿದ್ದು ಸರಿಯೇ. ಆದರೂ ಯಾಕೋ, "ಸ್ವಲ್ಪ ತಡಿ" ಅಂದುಬಿಟ್ಟೆ.

ಈ 'ಇವರು' ಅಂದರೆ ನಮ್ಮ ಮಾಸ್ತರರು. ನಾನು 1978ರಲ್ಲಿ ಕಾರ್ಕಳದ ಕಡೆಯಿಂದ ಮುಂಬಯಿಗೆ ಬಂದು ಹಗಲು ಹೋಟೆಲಿನಲ್ಲಿ ಕಪ್ಪು ಬಶಿ ತೊಳೆಯುತ್ತ, ಸಂಜೆ ಫೋರ್ಟ್ ಕಡೆಯ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದಾಗ ನನಗೆ ಇಂಗ್ಲಿಷು, ಲೆಕ್ಕ ಎರಡನ್ನೂ ಹೇಳಿಕೊಟ್ಟವರು. ಮುಂದೆ ನಾನು ಬ್ಯಾಂಕಿಗೆ ಸೇರಿ, ಡೊಂಬಿವಲಿಯ ಚಾಳಿನಿಂದ ಮಾಜಿವಾಡಾಕ್ಕೆ ಬಂದಾಗ ನೋಡಿದರೆ ಅದೇ ಬಿಲ್ಡಿಂಗಿನಲ್ಲಿ ಅವರೂ! ನಿವೃತ್ತಿಯ ನಂತರ ಅವರಿಗೆ ಕಂಪ್ಯೂಟರಿನ ಹುಚ್ಚು ಹಿಡಿಯಿತು. 2003ರಲ್ಲಿ ಲ್ಯಾಮಿಂಗ್ಟನ್ ರಸ್ತೆಯಿಂದ ಬಿಡಿಭಾಗ ತಂದು ಯಂತ್ರ ಜೋಡಿಸಿದೆವು. ವಿಂಡೋಸ್ ಎಕ್ಸ್‌ಪಿ ಪ್ರೊಫೆಷನಲ್, ಜೊತೆಗೆ 'ಬರಹ' ತಂತ್ರಾಂಶ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಆ ತಂತ್ರಾಂಶ ನಮ್ಮಂಥ ಹೊರನಾಡಿನವರಿಗೆ ಎಷ್ಟು ದೊಡ್ಡ ಉಪಕಾರ ಮಾಡಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮಾಸ್ತರರು ದಿನಾ ಬೆಳಿಗ್ಗೆ ಕೂತು ಊರಿನ ನೆನಪು ಬರೆಯುತ್ತಿದ್ದರು. ಒಂದು ದಿನ ನನ್ನನ್ನು ಕರೆದು ಹೆಮ್ಮೆಯಿಂದ ತೋರಿಸಿದರು. ಕಡತಗಳ ಹೆಸರೆಲ್ಲ ಹಸಿರು ಅಕ್ಷರದಲ್ಲಿ! "ನೋಡು, ಭದ್ರ ಮಾಡಿದ್ದೇನೆ. ಯಾರೂ ಓದಲಿಕ್ಕಿಲ್ಲ" ಅಂದರು. ನಾನು ನಕ್ಕೆ. ಯಾರು ಓದಬಾರದು ಅಂತ ಕೇಳಲಿಲ್ಲ.

2009ರಲ್ಲಿ ಯಂತ್ರ ಕೆಟ್ಟಿತು. ರಿಪೇರಿಯವ ಬಂದು, ಡಿಸ್ಕನ್ನು ಅಳಿಸದೆ, ಅದರ ಮೇಲೆಯೇ ಮತ್ತೊಮ್ಮೆ ವಿಂಡೋಸ್ ಹಾಕಿ ಹೋದ. ಆಮೇಲೆ ಆ ಕಡತಗಳು ಮಾಸ್ತರರಿಗೇ ತೆರೆಯಲಿಲ್ಲ. ನಾಲ್ಕು ದಿನ ಒದ್ದಾಡಿ, "ಹೋಗಲಿ" ಅಂತ ಮೌಸು ಬಿಟ್ಟರು. 2016ರಲ್ಲಿ ತೀರಿಕೊಂಡರು.

ಈಗ ನನ್ನ ತಲೆಯಲ್ಲಿ ಕೊರೆಯತೊಡಗಿದ ಪ್ರಶ್ನೆ: ಮನೆ ಅವರದು, ಯಂತ್ರ ಅವರದು, ದುಡ್ಡು ಅವರದು. ಹಾಗಿದ್ದ ಮೇಲೆ 'ಇಲ್ಲ' ಅನ್ನುವುದು ಯಾರು? ಆ ಅಧಿಕಾರ ಅದಕ್ಕೆ ಎಲ್ಲಿಂದ ಬಂತು?

ಉತ್ತರ ಹುಡುಕುತ್ತ ಹೋದರೆ ಅದು ಒಂದು ಚಾಳಿಗೆ ಹೋಗಿ ನಿಲ್ಲುತ್ತದೆ. ತಮಾಷೆಯಲ್ಲ! 1961ರ ನವೆಂಬರಿನಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೋ ಕೊರ್ಬಾಟೋ ಮತ್ತು ಸಂಗಡಿಗರು ಸಿಟಿಎಸ್ಎಸ್ ಎಂಬ ವ್ಯವಸ್ಥೆಯನ್ನು ಮೊದಲ ಸಲ ತೋರಿಸಿದರು. ಅಲ್ಲಿಯವರೆಗೆ ಕಂಪ್ಯೂಟರೆಂದರೆ ಒಬ್ಬರ ಕೆಲಸ ಮುಗಿದ ಮೇಲೆ ಇನ್ನೊಬ್ಬರ ಸರದಿ. ಇದರಲ್ಲಿ ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಹಂಚಿಕೊಳ್ಳಬಹುದಿತ್ತು. ಒಂದೇ ನಲ್ಲಿ, ಹತ್ತು ಖೋಲಿ. ಚಾಳಿನಲ್ಲಿ ಬಾಳಿದವರಿಗೆ ಮುಂದಿನದು ಗೊತ್ತೇ ಇದೆ. ಖೋಲಿಗೆ ಬೀಗ ಬೇಕು, ಬೀಗಕ್ಕೆ ಕೀಲಿಕೈ ಬೇಕು. ಹಾಗೆ ಬಂದದ್ದು ಪಾಸ್‌ವರ್ಡು.

ಬೀಗ ಬಂದ ಕೂಡಲೇ ಬೀಗ ಒಡೆಯುವವರೂ ಬಂದರು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ತನಗೆ ವಾರಕ್ಕೆ ಸಿಗುತ್ತಿದ್ದ ಯಂತ್ರದ ಸಮಯ ಸಾಲದೆ, ಎಲ್ಲರ ಪಾಸ್‌ವರ್ಡ್ ಇದ್ದ ಕಡತವನ್ನೇ ಮುದ್ರಿಸಿ ಕೊಡು ಅಂತ ಒಂದು ತೂತಿನ ಕಾರ್ಡು ಹಾಕಿದ. ಯಂತ್ರ ಮರುಮಾತಿಲ್ಲದೆ ಮುದ್ರಿಸಿ ಕೊಟ್ಟಿತು! ಇನ್ನೊಮ್ಮೆ ಆದದ್ದು ಇನ್ನೂ ಚಂದ. ಇಬ್ಬರು ಮೇಲ್ವಿಚಾರಕರು ಒಂದೇ ಹೊತ್ತಿಗೆ ಎರಡು ಕಡತ ತಿದ್ದುತ್ತಿದ್ದರು. ತಿದ್ದುವ ತಂತ್ರಾಂಶ ಇಬ್ಬರಿಗೂ ಒಂದೇ ಹೆಸರಿನ ತಾತ್ಕಾಲಿಕ ಕಡತ ಬಳಸಿದ್ದರಿಂದ ಅವು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ದಿನದ ಸೂಚನೆಯ ಜಾಗದಲ್ಲಿ ಎಲ್ಲರ ಪಾಸ್‌ವರ್ಡುಗಳು ಕಾಣಿಸಿದವು. ತನ್ನ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಕೊರ್ಬಾಟೋ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ.

ಅದರ ಮುಂದಿನ ತಲೆಮಾರು ಮಲ್ಟಿಕ್ಸ್. ಅದರಲ್ಲಿ ಪ್ರತಿ ಕಡತಕ್ಕೂ ಒಂದು ಪಟ್ಟಿ: ಇಂಥವರು ಓದಬಹುದು, ಇಂಥವರು ಬರೆಯಬಹುದು. ಆ ಯೋಜನೆ ಭಾರವಾಯಿತೆಂದು ಬೆಲ್ ಲ್ಯಾಬ್ಸ್ 1969ರಲ್ಲಿ ಹೊರಬಂತು. ಅಲ್ಲಿಯ ಕೆನ್ ಥಾಮ್ಸನ್, ಡೆನಿಸ್ ರಿಚಿ ಅದೇ ವರ್ಷ ಯುನಿಕ್ಸ್‌ಗೆ ಕೈಹಾಕಿದರು. 1971ರ ಮೊದಲ ಆವೃತ್ತಿಯ ಕೈಪಿಡಿಯಲ್ಲೇ ಒಡೆತನ ಬದಲಿಸುವ 'ಸಿಎಚ್‌ಓನ್', ಅನುಮತಿ ಬದಲಿಸುವ 'ಸಿಎಚ್‌ಮಾಡ್' ಎರಡೂ ಇವೆ. ಆಗ ಲೆಕ್ಕ ಬಹಳ ಸರಳ. ಒಡೆಯ ಒಬ್ಬ, ಉಳಿದವರೆಲ್ಲ ಉಳಿದವರು. 'ಗುಂಪು' ಎಂಬ ಮೂರನೇ ಜಾತಿ ಬಂದದ್ದು ಆಮೇಲೆ.

ಯುನಿಕ್ಸಿನ ಒಂದು ನಿಯಮ ಮಾತ್ರ ಎಷ್ಟೋ ಜನಕ್ಕೆ ಇವತ್ತಿಗೂ ಅರ್ಥವಾಗಿಲ್ಲ. ಒಂದು ಕಡತವನ್ನು ಅಳಿಸಲು ಆ ಕಡತದ ಮೇಲೆ ನಿಮಗೆ ಯಾವ ಹಕ್ಕೂ ಬೇಕಾಗಿಲ್ಲ! ಹಕ್ಕು ಬೇಕಾದದ್ದು ಅದು ಇರುವ ಡೈರೆಕ್ಟರಿಯ ಮೇಲೆ. ಯಾಕೆಂದರೆ ಅಳಿಸುವುದು ಅಂದರೆ ಅಲ್ಲಿ ಕಡತವನ್ನು ಸುಡುವುದಲ್ಲ, ರಿಜಿಸ್ಟರಿನಿಂದ ಅದರ ಹೆಸರಿಗೆ ಗೀಟು ಹಾಕುವುದು. ರಿಜಿಸ್ಟರ್ ಯಾರ ಕೈಯಲ್ಲಿದೆಯೋ ಅವರು ಗೀಟು ಹಾಕಬಹುದು, ಒಳಗೇನಿದೆ ಅಂತ ಓದುವ ಅಧಿಕಾರ ಅವರಿಗೆ ಇಲ್ಲದಿದ್ದರೂ. ಎಲ್ಲರೂ ಬರೆಯುವ 'ಟೆಂಪ್' ಡೈರೆಕ್ಟರಿಯಲ್ಲಿ ಒಬ್ಬರ ಕಡತವನ್ನು ಇನ್ನೊಬ್ಬರು ಹಾರಿಸುವ ಉಪದ್ರ ತಾಳಲಾರದೆ, 1986ರಲ್ಲಿ ಬರ್ಕ್ಲಿಯವರು ತಮ್ಮ ಯುನಿಕ್ಸಿನ 4.3 ಆವೃತ್ತಿಯಲ್ಲಿ, ಅಂಥ ಕಡೆ ಒಡೆಯನೇ ಅಳಿಸಬೇಕು ಎಂಬ ಗುರುತನ್ನು ಸೇರಿಸಿದರು.

ನಾನು ಇದನ್ನು ಕಲಿತದ್ದು ಪುಸ್ತಕದಿಂದಲ್ಲ, ಬ್ಯಾಂಕಿನಲ್ಲಿ. 1984ರ ರಂಗರಾಜನ್ ಸಮಿತಿಯ ವರದಿಯ ನಂತರ ಶಾಖೆಗಳಿಗೆ ಯಂತ್ರಗಳು ಬರತೊಡಗಿದವು. ಯೂನಿಯನ್ನಿನ ಗಲಾಟೆ, ಕೆಲಸ ಹೋಗುತ್ತದೆ ಎಂಬ ಹೆದರಿಕೆ, ಎಲ್ಲ ಇತ್ತು. ನಮ್ಮ ಶಾಖೆಗೆ ಬಂದದ್ದು ಯುನಿಕ್ಸ್ ಯಂತ್ರ. 'ರೂಟ್' ಪಾಸ್‌ವರ್ಡು ಅರಗಿನ ಮುದ್ರೆ ಒತ್ತಿದ ಲಕೋಟೆಯಲ್ಲಿ, ಲಕೋಟೆ ಮ್ಯಾನೇಜರರ ಕಪಾಟಿನಲ್ಲಿ. ಒಮ್ಮೆ ಡಿಸ್ಕು ತುಂಬಿ ದಿನದ ಲೆಕ್ಕ ಮುಗಿಯದೆ ರಾತ್ರಿ ಎಂಟಾಯಿತು. ನೋಡಿದರೆ, ಆರು ತಿಂಗಳ ಹಿಂದೆ ವರ್ಗವಾಗಿ ಹೋದ ಒಬ್ಬ ಗುಮಾಸ್ತರ ಹೆಸರಿನಲ್ಲಿ ದೊಡ್ಡ ದೊಡ್ಡ ವರದಿಗಳು. ಹೆಸರಿನಲ್ಲಿ ಅಂದೆನಲ್ಲ, ಅದೂ ಇರಲಿಲ್ಲ. ಖಾತೆ ತೆಗೆದುಹಾಕಿದ್ದರಿಂದ ಒಡೆಯನ ಜಾಗದಲ್ಲಿ ಬರೀ ಒಂದು ಸಂಖ್ಯೆ. ನಮಗೆ ಯಾರಿಗೂ ಅಳಿಸಲು ಬಿಡದು. ಕೊನೆಗೆ ಮ್ಯಾನೇಜರರನ್ನು ಮನೆಯಿಂದ ಕರೆಸಿ ಲಕೋಟೆ ಒಡೆದು ಅಳಿಸಿದೆವು. ಕಲ್ಯಾಣದ ಕೊನೆಯ ಫಾಸ್ಟ್ ಲೋಕಲ್ ತಪ್ಪಿತು ಅನ್ನುವುದು ಬೇರೆ ಮಾತು.

ಇನ್ನೊಂದು ಮೋಜು ಆಮೇಲೆ ಗೊತ್ತಾಯಿತು. ಹೊಸದಾಗಿ ಬಂದ ಹುಡುಗಿಯೊಬ್ಬಳಿಗೆ ಖಾತೆ ಮಾಡುವಾಗ ಅದೇ ಹಳೇ ಸಂಖ್ಯೆ ಕೊಟ್ಟಿದ್ದರು. ಅಳಿಸದೆ ಉಳಿದಿದ್ದ ಹಳಬರ ಕಡತಗಳಿಗೆಲ್ಲ ಅವಳು ರಾತ್ರೋರಾತ್ರಿ ಒಡತಿಯಾಗಿಬಿಟ್ಟಳು! ಯಂತ್ರಕ್ಕೆ ಮನುಷ್ಯರ ಹೆಸರು ಬೇಕಿಲ್ಲ ನೋಡಿ, ಸಂಖ್ಯೆ ಇದ್ದರೆ ಸಾಕು. ಈ ಮಾಜಿವಾಡಾದ ಹಳೇ ಗದ್ದೆಗಳ ಸಾತ್‌ಬಾರಾ ಉತಾರಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಅಜ್ಜ ಸತ್ತು ಎಷ್ಟೋ ವರ್ಷವಾಗಿರುತ್ತದೆ, ಫೇರ್‌ಫಾರ್ ಆಗದೆ ಕಾಗದದಲ್ಲಿ ಅಜ್ಜನೇ ಒಡೆಯ. ನಮ್ಮ ಸೊಸೈಟಿಯ ಕನ್ವೇಯನ್ಸಿಗಾಗಿ ಮಾಸ್ತರರೇ ಸೆಕ್ರೆಟರಿಯಾಗಿ ಎಷ್ಟು ವರ್ಷ ಓಡಾಡಿದ್ದರು! ಫ್ಲಾಟು ನಮ್ಮದು, ಕೆಳಗಿನ ನೆಲ ಇನ್ನೂ ಬಿಲ್ಡರನ ಹೆಸರಿನಲ್ಲಿ. ಮಹಾರಾಷ್ಟ್ರ ಸರಕಾರ 2008ರಲ್ಲಿ 1963ರ ಫ್ಲಾಟ್ ಮಾಲೀಕತ್ವದ ಕಾಯಿದೆಗೆ ತಿದ್ದುಪಡಿ ಮಾಡಿ, ಬಿಲ್ಡರ್ ಸಹಿ ಹಾಕದಿದ್ದರೂ ಒಡೆತನ ಪಡೆಯುವ ದಾರಿ ಮಾಡಿಕೊಟ್ಟಿತು. ವಿಂಡೋಸಿನ 'ಟೇಕ್ ಓನರ್‌ಶಿಪ್' ಅಂದರೆ ಹೆಚ್ಚುಕಮ್ಮಿ ಅದೇ.

ಮನೆಯ ಕಂಪ್ಯೂಟರಿಗೆ ಮೊದಲು ಈ ಗೊಡವೆ ಇರಲಿಲ್ಲ. 1981ರ ಐಬಿಎಂ ಪಿಸಿ ಮತ್ತು ಡಾಸ್ ಅಂದರೆ ಸ್ವಂತ ಮನೆ. ಒಬ್ಬನೇ ವಾಸ, ಬೀಗ ಯಾಕೆ? ಒಂದು ರೀಡ್-ಓನ್ಲಿ ಗುರುತು ಇರುತ್ತಿತ್ತು, 'ಅಟ್ರಿಬ್' ಅಂತ ಕೊಟ್ಟರೆ ಅದೂ ಹೋಯಿತು. ವಿಂಡೋಸ್ 95, 98ರಲ್ಲೂ ಹಾಗೆಯೇ. ಆಗಿನ ಕಾಲದ ಒಂದು ಇಮೇಲು ನೆನಪುಂಟೋ? 'ಕಾನ್' ಎಂಬ ಹೆಸರಿನ ಫೋಲ್ಡರ್ ಮಾಡಲು ಆಗುವುದಿಲ್ಲ, ಇದನ್ನು ಕಂಡುಹಿಡಿದದ್ದು ಒಬ್ಬ ಭಾರತೀಯ, ಬಿಲ್ ಗೇಟ್ಸನಿಗೂ ಉತ್ತರ ಗೊತ್ತಿಲ್ಲ ಅಂತ! ನನಗೇ ಹತ್ತು ಸಲ ಬಂದಿತ್ತು. ಅದರಲ್ಲಿ ಯಾವ ಗುಟ್ಟೂ ಇಲ್ಲ. ಡಾಸ್ ಕಾಲದಿಂದ ಅದು ಕೀಬೋರ್ಡು ಮತ್ತು ಪರದೆಗೆ ಮೀಸಲಿಟ್ಟ ಹೆಸರು, ಅಷ್ಟೆ. ಅಂಥ ಹೆಸರಿನ ಕಡತ ಹೇಗಾದರೂ ಡಿಸ್ಕಿಗೆ ಬಂದು ಕೂತರೆ ಅಳಿಸುವುದೂ ಕಷ್ಟ. ಆದರೆ ಅದಕ್ಕೂ ಒಡೆತನಕ್ಕೂ ಸಂಬಂಧವಿಲ್ಲ. 'ಬೇರೆ ಪ್ರೋಗ್ರಾಂ ಇದನ್ನು ಬಳಸುತ್ತಿದೆ' ಎಂಬ ಇನ್ನೊಂದು ತಕರಾರಿಗೂ ಸಂಬಂಧವಿಲ್ಲ. ಅಲ್ಲಿ ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿದರೆ ಬಹಳ ಸಲ ಸಾಕು.

ಸ್ವಂತ ಮನೆಗೆ ಚಾಳಿನ ಕಾನೂನು ಬಂದದ್ದು ವಿಂಡೋಸ್ ಎನ್‌ಟಿಯ ಮೂಲಕ. ಡಿಜಿಟಲ್ ಕಂಪನಿಯಲ್ಲಿ ವಿಎಂಎಸ್ ಕಟ್ಟಿದ್ದ ಡೇವ್ ಕಟ್ಲರ್ 1988ರಲ್ಲಿ ಮೈಕ್ರೋಸಾಫ್ಟಿಗೆ ಬಂದ. 1993ರಲ್ಲಿ ಎನ್‌ಟಿ 3.1 ಬಿಡುಗಡೆಯಾಯಿತು. ಅಮೆರಿಕದ ಸರಕಾರಕ್ಕೆ ಯಂತ್ರ ಮಾರಬೇಕಾದರೆ ಅವರ ರಕ್ಷಣಾ ಇಲಾಖೆಯ ಒಂದು ಪುಸ್ತಕ ಒಪ್ಪಬೇಕಿತ್ತು. ರಟ್ಟಿನ ಬಣ್ಣದಿಂದ ಅದಕ್ಕೆ 'ಆರೆಂಜ್ ಬುಕ್' ಅಂತಲೇ ಹೆಸರು. ಅದರ ಸಿ2 ದರ್ಜೆಯ ಪ್ರಕಾರ ಪ್ರತಿ ವಸ್ತುವನ್ನು ಯಾರು ಮುಟ್ಟಬಹುದು ಎಂಬುದಕ್ಕೆ ನಿಯಮ ಬೇಕು, ಮುಟ್ಟಿದವರು ಯಾರು ಅಂತ ಹೇಳಲೂ ಬರಬೇಕು. 1995ರಲ್ಲಿ ಎನ್‌ಟಿ 3.5ಕ್ಕೆ ಆ ದರ್ಜೆ ಸಿಕ್ಕಿತು. ಅದರಲ್ಲೊಂದು ನಾಜೂಕಿನ ಏರ್ಪಾಡು ನನಗೆ ಬಹಳ ಹಿಡಿಸಿತು. ಅಡ್ಮಿನಿಸ್ಟ್ರೇಟರ್ ಯಾರ ಕಡತವನ್ನಾದರೂ ತನ್ನದು ಮಾಡಿಕೊಳ್ಳಬಹುದು. ಆದರೆ ಕೆಲಸ ಮುಗಿಸಿ ಅದನ್ನು ಮತ್ತೆ ಹಳೇ ಒಡೆಯನ ಹೆಸರಿಗೆ ಬರೆದು ಸಾಧುವಿನಂತೆ ಕೂರಲು ಆಗಿನ ಪರದೆಯಲ್ಲಿ ದಾರಿ ಇಟ್ಟಿರಲಿಲ್ಲ. ಕದ್ದರೆ ಹೆಜ್ಜೆಗುರುತು ಉಳಿಯಬೇಕು. ಬ್ಯಾಂಕಿನವನಾದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಇಲ್ಲಿಯೂ ಒಡೆಯನೆಂದರೆ ಸಂಖ್ಯೆಯೇ. ಎಸ್-1-5-21 ಅಂತ ಶುರುವಾಗಿ ಮಾರುದ್ದ ಹೋಗುವ ಸಂಖ್ಯೆ. ಯುನಿಕ್ಸಿನ ಹಾಗೆ ಇದನ್ನು ಇನ್ನೊಬ್ಬರಿಗೆ ಹಂಚುವುದಿಲ್ಲ. ವಿಂಡೋಸ್ ಮತ್ತೊಮ್ಮೆ ಹಾಕಿ ಅದೇ ಹೆಸರಿನ ಖಾತೆ ಮಾಡಿದರೂ ಸಂಖ್ಯೆ ಬೇರೆ. ಹೆಸರು ಒಂದೇ, ಮನುಷ್ಯ ಒಬ್ಬನೇ, ಆದರೆ ಯಂತ್ರದ ಲೆಕ್ಕದಲ್ಲಿ ಇವನು ಯಾರೋ ಪರದೇಶಿ!

2001ರ ಅಕ್ಟೋಬರಿನಲ್ಲಿ ಬಂದ ಎಕ್ಸ್‌ಪಿ ಈ ಎನ್‌ಟಿಯನ್ನೇ ಮನೆಮನೆಗೆ ತಂದಿತು. ಸೇನೆಗೂ ಸರಕಾರಕ್ಕೂ ಅಂತ ಮಾಡಿದ ಕಾನೂನು ಮಾಜಿವಾಡಾದ ನಿವೃತ್ತ ಮಾಸ್ತರರ ಮೇಜಿನ ಮೇಲೆ ಬಂದು ಕೂತಿತು. ನಂತರ 2007ರ ವಿಸ್ತಾದಲ್ಲಿ ಇನ್ನೂ ಒಂದು ಹೆಜ್ಜೆ. ವಿಂಡೋಸಿನ ಸ್ವಂತ ಕಡತಗಳಿಗೆ 'ಟ್ರಸ್ಟೆಡ್‌ಇನ್‌ಸ್ಟಾಲರ್' ಅಂತ ಬೇರೆಯೇ ಒಡೆಯ, ಅಡ್ಮಿನಿಸ್ಟ್ರೇಟರೂ ಅಲ್ಲಿ ಕೈಹಾಕುವಂತಿಲ್ಲ. ಹುಡುಗರು ಅಲ್ಲೂ ಒಡೆತನ ಕಿತ್ತುಕೊಂಡು ಅಳಿಸಿ, ಮರುದಿನ ಯಂತ್ರ ಏಳಲಿಲ್ಲ ಅಂತ ಬರುತ್ತಾರೆ. ಆ ತೀಟೆ ಮಾತ್ರ ಬೇಡ.

ಮಾಸ್ತರರ ಡಿಸ್ಕಿಗೆ ಬರುತ್ತೇನೆ. ಅದನ್ನು ಬಿಚ್ಚಿ ನನ್ನ ಮನೆಗೆ ತಂದೆ. ಮೊದಲು ಪೂರ್ತಿ ಡಿಸ್ಕಿನ ನಕಲು ಮಾಡಿಟ್ಟೆ. ಡಿಸ್ಕನ್ನು ಮನೆ ಮನೆಯಾಗಿ ನಕಲಿಸುವ ಸಾಧನಕ್ಕೆ ಯಾವ ಕಡತ ಯಾರದು ಅನ್ನುವುದು ಲೆಕ್ಕವೇ ಇಲ್ಲ, ಎಲ್ಲವೂ ಬರೀ ಬೈಟು. ಆಮೇಲೆ ಆ ಹಟಮಾರಿ ಫೋಲ್ಡರಿನ ಸೆಕ್ಯೂರಿಟಿ ಪುಟ ತೆರೆದೆ. ಒಡೆಯನ ಜಾಗದಲ್ಲಿ ಹೆಸರಿಲ್ಲ, ಆ ಉದ್ದದ ಸಂಖ್ಯೆ. ಅದು 2009ಕ್ಕಿಂತ ಹಿಂದಿನ ಮಾಸ್ತರರು! ಎಕ್ಸ್‌ಪಿಯಲ್ಲಿ ಪಾಸ್‌ವರ್ಡ್ ಇಟ್ಟಾಗ 'ನಿಮ್ಮ ಕಡತಗಳನ್ನು ಖಾಸಗಿ ಮಾಡಲೇ' ಅಂತ ಒಂದು ಪ್ರಶ್ನೆ ಬರುತ್ತಿತ್ತು. ಅವರು ಹೌದು ಅಂದಿರಬೇಕು. ಹಾಗಂದರೆ ಆ ಪಟ್ಟಿಯಿಂದ ಅಡ್ಮಿನಿಸ್ಟ್ರೇಟರುಗಳ ಹೆಸರು ಹೋಗಿ, ಬಳಕೆದಾರ ಮತ್ತು ಯಂತ್ರ ಇಬ್ಬರೇ ಉಳಿಯುತ್ತಾರೆ. ಅದಕ್ಕೇ ಹುಡುಗನಿಗೆ ದಕ್ಕಲಿಲ್ಲ.

ಬಿಡಿಸುವುದು ದೊಡ್ಡ ವಿದ್ಯೆಯೇನಲ್ಲ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, 'ಟೇಕ್‌ಓನ್' ಆಜ್ಞೆಯಿಂದ ಒಳಗಿನ ಎಲ್ಲ ಫೋಲ್ಡರುಗಳ ಸಮೇತ ಒಡೆತನ ತೆಗೆದುಕೊಳ್ಳುವುದು, 'ಐಕ್ಯಾಕಲ್ಸ್' ಆಜ್ಞೆಯಿಂದ ನಮಗೆ ನಾವೇ ಪೂರ್ತಿ ಹಕ್ಕು ಕೊಟ್ಟುಕೊಳ್ಳುವುದು. ಕ್ರಮ ಮುಖ್ಯ. ಒಡೆಯನಾದ ಮಾತ್ರಕ್ಕೆ ಹಕ್ಕು ಬರುವುದಿಲ್ಲ, ಹಕ್ಕು ಕೊಡುವ ಹಕ್ಕು ಬರುತ್ತದೆ. ಇದನ್ನು ತಿಳಿಯದೆ ಮೊದಲನೆಯದು ಮಾಡಿ, 'ಆದರೂ ಬಿಡ್ತಾ ಇಲ್ಲ' ಅಂತ ಪರದಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ. ನಾನು ಇದನ್ನು ಮೂಲ ಡಿಸ್ಕಿನಲ್ಲಿ ಮಾಡಲಿಲ್ಲ, ನಕಲಿನಲ್ಲಿ ಮಾಡಿದೆ.

ಡಿ ಡ್ರೈವಿನಲ್ಲಿ ಇನ್ನೊಂದು ಫೋಲ್ಡರ್ ಇತ್ತು. ಹೆಸರು 'ಊರು', ರೋಮನ್ ಅಕ್ಷರದಲ್ಲಿ. ಅದು ಸಲೀಸಾಗಿ ತೆರೆಯಿತು. ಮೂವತ್ತೊಂದು ಕಡತ. ಅಜ್ಜಿ. ಮಳೆಗಾಲ. ಗದ್ದೆ ಹೋದದ್ದು. ಬೋರಿಬಂದರ್ 1961. ರಾತ್ರಿಶಾಲೆಯ ಹುಡುಗರು... ಹೆಸರು ಕಾಣುತ್ತದೆ, ಬರೆದ ತಾರೀಖು ಕಾಣುತ್ತದೆ, ಎಷ್ಟು ದೊಡ್ಡದು ಅಂತ ಕಾಣುತ್ತದೆ. ತೆರೆಯಲು ಹೋದರೆ ಅದೇ ಉತ್ತರ, ಆಕ್ಸೆಸ್ ಈಸ್ ಡಿನೈಡ್. ಇವೇ ಆ ಹಸಿರು ಅಕ್ಷರಗಳು. ವಿಂಡೋಸ್ 2000ದಿಂದ ಬಂದ ಇಎಫ್ಎಸ್ ಎಂಬ ಗೂಢಲಿಪಿ. ಹೇಳುವ ಮಾತು ಒಂದೇ ಆದರೂ ಇದು ಬೇರೆಯೇ ಸಂಗತಿ. ಮೊದಲಿನದು ಬಾಗಿಲಲ್ಲಿ ಕೂತ ವಾಚ್‌ಮನ್, ಅವನನ್ನು ಬದಲಿಸಬಹುದು. ಇಲ್ಲಿ ಅಕ್ಷರಗಳೇ ಕಲಸಿಹೋಗಿವೆ, ಒಡೆತನ ಪಡೆದು ಪ್ರಯೋಜನವಿಲ್ಲ.

ಆದರೆ ಅಳಿಸಲು? ಒಂದು ಗುಂಡಿ ಒತ್ತಿದರೆ ಸಾಕಿತ್ತು! ಆ ಮೂವತ್ತೊಂದನ್ನೂ ಯಂತ್ರ ಒಂದು ಮಾತಾಡದೆ ಅಳಿಸಿಬಿಡುತ್ತಿತ್ತು. ಹುಡುಗ ಸಿ ಡ್ರೈವಿನಿಂದ ಶುರು ಮಾಡಿ ಅಲ್ಲೇ ಸಿಕ್ಕಿಹಾಕಿಕೊಂಡದ್ದರಿಂದ ಡಿ ಉಳಿದಿತ್ತು ಅಷ್ಟೆ.

ನನಗೆ ಕೈ ನಡುಗಿದ್ದು ಮುಂದಿನದನ್ನು ನೋಡಿ. ಆ ಗೂಢಲಿಪಿಯ ಕೀಲಿಕೈ ಎಲ್ಲಿರುತ್ತದೆ ಬಲ್ಲಿರಾ? ಬಳಕೆದಾರನ ಹಳೇ ಪ್ರೊಫೈಲಿನೊಳಗೆ, 'ಅಪ್ಲಿಕೇಶನ್ ಡೇಟಾ' ಅಡಿಯಲ್ಲಿ, ಅದೇ ಉದ್ದದ ಸಂಖ್ಯೆಯ ಹೆಸರಿನ ಫೋಲ್ಡರಿನಲ್ಲಿ. ಅಂದರೆ ಹುಡುಗ ಕಸವೆಂದು ಅಳಿಸಲು ಹೊರಟ, ಜಪ್ಪಯ್ಯ ಅನ್ನದ, ಆ ಫೋಲ್ಡರಿನೊಳಗೆ! ನಕಲಿನಲ್ಲಿ ಹುಡುಕಿದೆ. ಇದೆ. ಆ ಕೀಲಿಕೈಗೂ ಒಂದು ಬೀಗ ಇದೆ, ಅದು ಮಾಸ್ತರರ ಹಳೇ ಲಾಗಿನ್ ಪಾಸ್‌ವರ್ಡು. ಅದು ಗೊತ್ತಾದರೆ ಇವೆರಡನ್ನೂ ಜೋಡಿಸಿ ಕಡತ ಬಿಡಿಸುವ ತಂತ್ರಾಂಶಗಳು ಪೇಟೆಯಲ್ಲಿ ಸಿಗುತ್ತವೆ. 2009ರಲ್ಲಿ ಇದು ನನಗೆ ಗೊತ್ತಿದ್ದರೆ ಮಾಸ್ತರರನ್ನೇ ಕೇಳಬಹುದಿತ್ತು. ಮೂರು ಮಾಳಿಗೆಯ ಅಂತರ, ಏಳು ವರ್ಷದ ಸಮಯ ಇತ್ತು.

ಮರುದಿನ ಅಕ್ಕನಿಗೆ ಎಲ್ಲ ಬಿಡಿಸಿ ಹೇಳಿದೆ. ಸುಮ್ಮನೆ ಕೇಳಿದರು. ಆಮೇಲೆ, "ಓದ್ಲಿಕ್ಕೆ ಆಗದ್ದನ್ನು ಅಳಿಸ್ಲಿಕ್ಕೆ ಬಿಡ್ತದಾ ಅದು? ಎಂಥ ಯಂತ್ರವೋ!" ಅಂದರು. ನಾನು ಚಾಳು, ರಿಜಿಸ್ಟರು ಅಂತ ಏನೋ ಸಮಜಾಯಿಷಿ ಕೊಡಲು ಹೋದೆ, ಅವರಿಗೆ ಬೇಕಿರಲಿಲ್ಲ.

"ಓದಬೇಕಾ ಅಕ್ಕ? ಅವರು ಬೀಗ ಹಾಕಿ ಇಟ್ಟದ್ದು..." ಅಂದೆ.

"ಬೀಗ ಹಾಕಿದ್ದು ಆ ಹುಡುಗರು ಆಟ ಆಡುವಾಗ ಅಳಿಸ್ಯಾರು ಅಂತ ಹೆದರಿ. ನನ್ನಿಂದ ಮುಚ್ಚಿಡ್ಲಿಕ್ಕೆ ಅಲ್ಲ" ಅಂದರು. ಅಳಿಸದಿರಲಿ ಅಂತ ಹಾಕಿದ ಬೀಗ ಅಳಿಸುವುದನ್ನು ತಡೆಯುತ್ತಲೇ ಇರಲಿಲ್ಲ ಅಂತ ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಕ್ಯಾಲೆಂಡರಿನ ಹಿಂಭಾಗದಲ್ಲಿ ಅಕ್ಕ ಐದು ಶಬ್ದ ಬರೆದು ಕೊಟ್ಟಿದ್ದಾರೆ. ಊರಿನ ಮನೆಯ ಹೆಸರು, ತೀರಿಹೋದ ತಂಗಿಯ ಹೆಸರು, ಒಂದು ಎಮ್ಮೆಯ ಹೆಸರೂ ಉಂಟು. ದೊಡ್ಡಕ್ಷರ, ಸಣ್ಣಕ್ಷರ, ಹಿಂದೆ ಮುಂದೆ ಇಸವಿ ಸೇರಿಸಿ ಎರಡನ್ನು ಪ್ರಯತ್ನಿಸಿ ಆಗಿದೆ, ಆಗಲಿಲ್ಲ. ಇನ್ನು ಮೂರು ಬಾಕಿ. ಬರುವ ಭಾನುವಾರ ಕೂರುವುದೆಂದು ಮಾತಾಗಿದೆ. ನೀರುದೋಸೆ ಮಾಡಿ ಇಡ್ತೇನೆ ಅಂದಿದ್ದಾರೆ.